ತಗ್ಗಿಸಿದ ಸದ್ದು

"ಇನ್ನೊಂದೀಟು ಮ್ಯಾಲೆತ್ರಿ... ತಲಿ ಹಿಡೀರಿ, ತಲಿ!"

ಗುರುಸಿದ್ದಪ್ಪ ಕೂಗುತ್ತಿದ್ದಂತೆ ನಾಲ್ವರು ಸೇರಿ ಅವರ ತಮ್ಮ ಚನ್ನಬಸಪ್ಪನ ದೇಹವನ್ನು ಗೋಡೆಗೊರಗಿಸಿ ಕೂರಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಬಾಗಿಲ ಬಳಿ ಉಷಾ ನಿಂತಿದ್ದಳು. ಕುಷಾಯಿಗೂಡದ ಕಾರ್ಖಾನೆಯಲ್ಲಿ ಅವಳೂ ಚನ್ನಬಸಪ್ಪನೂ ಒಂದೇ ವಿಭಾಗದಲ್ಲಿ ದುಡಿದವರು. ಸಂಜೆಯಾದರೆ ಅವನದು ಡ್ರಮ್ಸ್, ಅವಳದು ಬೇಸ್ ಗಿಟಾರ್. ಬಂಧುಬಳಗಕ್ಕೆ ಗೊತ್ತಿದ್ದದ್ದು ಮದುವೆಗಳಲ್ಲಿ ಅವರು ನುಡಿಸುತ್ತಿದ್ದ ಸಿನಿಮಾ ಹಾಡುಗಳಷ್ಟೆ. ಇಬ್ಬರೂ ಸೇರಿ ಒಂದು ಜಾಝ್ ಫ್ಯೂಷನ್ ಆಲ್ಬಮ್ ಮಾಡಿದ್ದನ್ನು ಬಲ್ಲವರು ಕಡಿಮೆ.

ಬಲ್ಲವನೊಬ್ಬ ಆಗಷ್ಟೇ ಕಾರಿನಿಂದ ಇಳಿದ. ಶ್ರೀಹರ್ಷ, ಅದರಲ್ಲಿ ಗಿಟಾರ್ ನುಡಿಸಿದವನು. ಈಗ ಗಚ್ಚಿಬೌಲಿಯಲ್ಲಿ ಸ್ವಂತ ಸ್ಟುಡಿಯೊ ಇಟ್ಟಿದ್ದಾನೆ. ಕಂಕುಳಲ್ಲಿ ಒಂದು ಸ್ಪೀಕರ್.

"ಅಂಕಲ್ ನೆನಪಿಗೆ ನನ್ನ ಆಲ್ಬಮ್ ಹಾಕ್ತೀನ್ರಿ," ಎಂದ ಗುರುಸಿದ್ದಪ್ಪನವರಿಗೆ. "ಅದರಾಗ ಅವ್ರೂ ನುಡಿಸ್ಯಾರ."

ನನ್ನ ಆಲ್ಬಮ್. ಅವರೂ. ಉಷಾಳ ಕಿವಿ ಕಾವೇರಿತು.

*

ಆಲ್ಬಮ್ ಮುದ್ರಿಸಿದ್ದು ಹಲವು ವರ್ಷಗಳ ಹಿಂದೆ, ಸನತ್‌ನಗರದ ಒಂದು ತಗಡಿನ ಶೆಡ್ಡಿನಲ್ಲಿ. ವಾರವೆಲ್ಲ ಕಬ್ಬಿಣ ಒತ್ತುವ ಪ್ರೆಸ್ಸು ಬಡಿಯುವ ಜಾಗ ಭಾನುವಾರ ಖಾಲಿ. ಗೋಡೆಗಳಿಗೆ ಹಳೆಯ ಗಾದಿ ಕಟ್ಟಿ, ಸದ್ದು ಹೊರಗೆ ಹೋಗದಂತೆ ಮಾಡಿದ್ದರು. ಶೆಡ್ಡನ್ನು ಬಾಡಿಗೆಗೆ ಕೇಳಲು ಬಂದ ದಿನ ಆ ಪ್ರೆಸ್ಸಿನ ಕುಂಟು ಬಡಿತ ಚನ್ನಬಸಪ್ಪನ ತಲೆಯೊಳಗೆ ಹೊಕ್ಕಿತ್ತು. ಅದೇ ಮೊದಲ ಹಾಡಿನ ಲಯವಾಯಿತು.

"ಬೇಸ್ ಹಾಡಲಿ, ಡ್ರಮ್ಸ್ ಮಾತಾಡಲಿ. ಉಳಿದದ್ದೆಲ್ಲಾ ಹಿಂದಿಂದ ಬರಲಿ," ಎಂದಿದ್ದ.

ಆಗಿನ್ನೂ ಕಾಲೇಜು ಹುಡುಗನಾಗಿದ್ದ ಶ್ರೀಹರ್ಷ ಮುಖ ಊದಿಸಿಕೊಂಡಿದ್ದ.

"ನಿನ್ನ ಸರದಿ ಬರ್ತೈತಿ, ತಮ್ಮಾ. ಈಗ ಕೇಳು," ಎಂದಿದ್ದ ಚನ್ನಬಸಪ್ಪ.

ಆಲ್ಬಮ್ಮನ್ನು ಯಾವ ಕಂಪನಿಯೂ ಮುಟ್ಟಲಿಲ್ಲ. ಜೋಪಾನವಾಗಿ ಇಡುತ್ತೇನೆಂದು ಟೇಪುಗಳನ್ನು ಶ್ರೀಹರ್ಷ ಒಯ್ದ. ಹೋದ ವರ್ಷ ಇಂಟರ್‌ನೆಟ್ಟಿಗೆ ಹಾಕಿದ. ಮುಖಪುಟದಲ್ಲಿ ಅವನ ಫೋಟೊ, ಹಾಡುಗಳ ತುಂಬ ಹೊಸದಾಗಿ ನುಡಿಸಿದ ಗಿಟಾರ್. ಚನ್ನಬಸಪ್ಪ ಮೊದಲ ಹಾಡು ಮುಗಿಯುವ ಮುನ್ನವೇ ಫೋನು ಮಗುಚಿಟ್ಟಿದ್ದ. ಆಮೇಲೆ ಡ್ರಮ್ಸಿನ ಮೇಲಿನ ಬಟ್ಟೆಯನ್ನು ತೆಗೆಯಲೇ ಇಲ್ಲ.

*

ಸ್ಪೀಕರಿನಿಂದ ಗಿಟಾರ್ ಹೊರಟಿತು. ಗಿಟಾರೇ ಗಿಟಾರು. ಅಳುತ್ತಿದ್ದ ಹೆಂಗಸರು ಸ್ಪೀಕರಿನತ್ತ ತಿರುಗಿದರು. ಚನ್ನಬಸಪ್ಪನ ಹೆಂಡತಿ ಭಾಗ್ಯಶ್ರೀ ತಲೆಯೆತ್ತಿದಳು.

"ಇದರಾಗ ನಮ್ಮವ್ರು ಎಲ್ಲದಾರ?"

"ಹಿಂದ ಅದಾರ್ರಿ ಆಂಟಿ. ಕಿವಿಗೊಟ್ಟು ಕೇಳ್ರಿ," ಎಂದ ಶ್ರೀಹರ್ಷ.

"ಅವ್ರು ಬಾರಿಸಿದ್ರ ಗ್ವಾಡಿ ನಡುಗತಿತ್ತು. ಈಗ ಕಿವಿಗೊಟ್ಟು ಹುಡುಕಬೇಕೇನು?"

ಉಷಾ ಹೋಗಿ ಸ್ಪೀಕರ್ ಬಂದ್ ಮಾಡಿದಳು. "ಎಲ್ಲೂ ಇಲ್ಲ, ವೈನಿ. ಇವ ಅಳಿಸ್ಯಾನ."

"ಉಷಾಕ್ಕ, ಸಾವಿನ ಮನಿ ಇದು," ಶ್ರೀಹರ್ಷ ದನಿ ತಗ್ಗಿಸಿದ. "ಅಷ್ಟು ಡ್ರಮ್ಸ್ ಇದ್ರ ಈಗಿನವ್ರು ಕೇಳಂಗಿಲ್ಲ. ನಾ ಹಾಕದಿದ್ರ ಇದೊಂದೈತಿ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹಾಕಿದ ಮ್ಯಾಲರೆ ಏನು ಗೊತ್ತಾತು? ನಿನ್ನ ಹೆಸರು ಗೊತ್ತಾತು!"

"ಏ ತಂಗಿ, ಹೆಣದ ಮುಂದ ಜಗಳ ಬ್ಯಾಡವಾ," ಎಂದರು ಗುರುಸಿದ್ದಪ್ಪ.

"ಹೆಣದ ಮುಂದ ಸುಳ್ಳು ನಡೀತೈತೇನ್ರಿ, ಅಣ್ಣಾವ್ರ?"

ಉಷಾ ತನ್ನ ಫೋನನ್ನು ಸ್ಪೀಕರಿಗೆ ಜೋಡಿಸಿದಳು. ಟೇಪುಗಳನ್ನು ಶ್ರೀಹರ್ಷ ಒಯ್ಯುವ ಮುನ್ನ ಅವಳು ಮಾಡಿಟ್ಟುಕೊಂಡಿದ್ದ ನಕಲು ಅದರಲ್ಲಿತ್ತು; ಶೆಡ್ಡಿನಲ್ಲಿ ಮುದ್ರಿಸಿದ ಹಾಡು, ಇದ್ದಂತೆಯೇ.

ಮೊದಲು ಬೇಸಿನ ಆಳದ ಗುಂಗು. ಅದರ ಮೇಲೆ ಕುಂಟುತ್ತ ಬಂದ ಡ್ರಮ್ಸು, ಕುಂಟುತ್ತಲೇ ಓಟಕ್ಕೆ ಬಿತ್ತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲಿನ ತಾಟುಗಳು ಗಲಗಲ ಅಂದವು. ತಮ್ಮನದು ಮದುವೆ ಮನೆಯ ಗದ್ದಲವೆಂದು ಇಷ್ಟು ಕಾಲ ನಗುತ್ತಿದ್ದ ಗುರುಸಿದ್ದಪ್ಪ ಹೊಸ್ತಿಲ ಮೇಲೆ ಕೂತರು.

"ಇವಾ ಬಾರಿಸಿದ್ದೇನವಾ ಇದು?"



ಶ್ರೀಹರ್ಷ ಸ್ಪೀಕರಿಗೆ ಕೈಚಾಚಿದ. "ಸಾಕ್ರಿ, ಕೊಡ್ರಿ. ನಾ ಹೊಂಡ್ತೀನಿ."

ಅವನಿಗಿಂತ ಮುಂಚೆ ಭಾಗ್ಯಶ್ರೀ ಅದನ್ನು ಎತ್ತಿಕೊಂಡಳು. "ಮಣ್ಣಾದ ಮ್ಯಾಲೆ ಒಯ್ಯಿ. ಅಲ್ಲೀತನಾ ನೀನೂ ಕೇಳು."

ಚನ್ನಬಸಪ್ಪನನ್ನು ಕೂರಿಸಿದ ಹೂವಿನ ಪೀಠ ಹೆಗಲೇರಿತು. ಕುಷಾಯಿಗೂಡದ ರಸ್ತೆಯಲ್ಲಿ ಆಟೊಗಳು ಬದಿಗೆ ಸರಿದು ನಿಂತವು. ಉಷಾಳ ಪಕ್ಕದಲ್ಲಿ ಭಾಗ್ಯಶ್ರೀ ಸ್ಪೀಕರನ್ನು ಹೊಟ್ಟೆಗವಚಿಕೊಂಡು ನಡೆದಳು. ಡ್ರಮ್ಸಿನ ಒಂದೊಂದು ಏಟಿಗೂ ಅವಳ ಸೆರಗು ಅದುರುತ್ತಿತ್ತು. ಕಾರು ಅಲ್ಲೇ ಬಿಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ, ಶ್ರೀಹರ್ಷ ಎಲ್ಲರ ಹಿಂದೆ ಬರುತ್ತಿದ್ದ.