ನೊರೆ ಇಳಿಸಿದ ಕೈ

ತಲೆ ತೊಳೆದು ತೊಳೆದು ನನಗೆ ಗಂಡಸರ ಬಗ್ಗೆ ಇದ್ದ ಭಯವೆಲ್ಲ ಹೋಗಿದೆ. ಎಂಥ ದೊಡ್ಡ ಮನುಷ್ಯನೇ ಆಗಲಿ, ಕೂದಲು ನೆಡಿಸಿಕೊಂಡ ಮೂರನೆಯ ದಿನ ನನ್ನ ಬೇಸಿನ್ನಿಗೆ ಕತ್ತು ಕೊಟ್ಟು ಮಲಗಿದಾಗ ಉಸಿರು ಬಿಗಿಹಿಡಿದು, ಉದುರುವುದಿಲ್ಲ ತಾನೆ ಎಂದೇ ಕೇಳುವುದು. ಇಸ್ತಾಂಬುಲಿನ ಶಿಶ್ಲಿಯಲ್ಲಿ ನಮ್ಮ ಬೀದಿಯೊಂದರಲ್ಲೇ ಕೂದಲು ನೆಡುವ ಆರು ಕ್ಲಿನಿಕ್ಕುಗಳಿವೆ. ಹನ್ನೊಂದು ವರ್ಷದಿಂದ ನಮ್ಮ ಕ್ಲಿನಿಕ್ಕಿನಲ್ಲಿ ಮೊದಲ ತಲೆ ತೊಳೆಯುವುದು ನನ್ನದೇ ಕೆಲಸ. ನೆಡುವವರು ಡಾಕ್ಟರು, ಉಳಿಸುವವಳು ಈ ಹಾಜೆರ್ ಎಂದು ನಾನು ಎಲ್ಲರೆದುರೂ ಹೇಳಿಕೊಳ್ಳುತ್ತೇನೆ. ಡಾಕ್ಟರಿಗೆ ಅದು ಹಿಡಿಸುವುದಿಲ್ಲ, ಆದರೆ ಅಲ್ಲಗಳೆಯುವುದೂ ಇಲ್ಲ. ನನ್ನ ಬಾಯಲ್ಲಿ ಅತಿ ಹೆಚ್ಚು ಬಂದಿರುವ ಮಾತು ಒಂದೇ: ಮುಟ್ಟಬೇಡಿ.

ಷೆರ್ಮಿನ್ ಬಂದದ್ದು ಮಾರ್ಚ್ ತಿಂಗಳಲ್ಲಿ. ನಲವತ್ತೊಂದು ವಯಸ್ಸು, ಜಲಸಂಧಿಯ ಆಚೆ ದಡದ ಉಸ್ಕುದಾರಿನ ಶಾಲೆಯಲ್ಲಿ ಭೂಗೋಳದ ಟೀಚರು, ಮನೆಯಲ್ಲಿ ಅವಳು ಮತ್ತು ತಾಯಿ ಇಬ್ಬರೇ. ಬಲಗಡೆ ಹಣೆಯಿಂದ ಕಿವಿಯ ಮೇಲಿನವರೆಗೆ ಅಂಗೈಯಗಲ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಅಲ್ಲಿನ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ನಾಲ್ಕು ವರ್ಷದವಳಿದ್ದಾಗ ಬಿಸಿನೀರು ಬಿದ್ದದ್ದು ಎಂದಷ್ಟೇ ಹೇಳಿದಳು. ಸುಟ್ಟ ಕಲೆಯಲ್ಲಿ ರಕ್ತದ ಓಡಾಟ ಕಡಿಮೆ, ಅಲ್ಲಿ ಬೇರು ಹಿಡಿಯುವುದು ಕಷ್ಟ. ಅದಕ್ಕೇ ಡಾಕ್ಟರು ತಲೆಯ ಹಿಂಭಾಗದಿಂದ ಆರುನೂರು ಬೇರು ಮಾತ್ರ ತೆಗೆದು ನೆಟ್ಟು, ಇವು ಬದುಕಿದರೆ ಮುಂದೆ ನೋಡೋಣ, ಬದುಕದಿದ್ದರೆ ಈ ಆಸೆ ಬಿಟ್ಟುಬಿಡಿ ಎಂದು ಹೇಳಿದರು.

ಮೂರನೆಯ ದಿನ ತಾಯಿಯನ್ನು ಜೊತೆಗೆ ಕರೆತಂದಳು. ನಾನೇ ಹಾಗೆ ಹೇಳಿದ್ದೆ. ಕೂದಲು ನೆಟ್ಟ ಮೇಲೆ ತಲೆ ಕೆಲವು ವಾರ ಮರಗಟ್ಟಿರುತ್ತದೆ. ಒತ್ತಿದರೂ ತಿಳಿಯುವುದಿಲ್ಲ, ನೀರು ಸುಟ್ಟರೂ ತಿಳಿಯುವುದಿಲ್ಲ. ಹಾಗಾಗಿ ಕಲೆ ಇರುವವರು ಮನೆಯಲ್ಲಿ ತಾವೇ ತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಹತ್ತು ದಿನ ಆಗುವವರೆಗೆ ಬೇರೆಯವರು ಕಣ್ಣಿಟ್ಟು ತೊಳೆಯಬೇಕು.

ತಾಯಿಯ ಹೆಸರು ಮುಯೆಸ್ಸರ್. ಎಪ್ಪತ್ತೆರಡರ ಮುದುಕಿ, ಆದರೆ ತೋಳು ನೋಡಿದರೆ ಕುಸ್ತಿಯವರ ಮನೆತನ ಇರಬೇಕು ಅನ್ನಿಸುವಂತಿತ್ತು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಮಾತಿಗೆ ಕೇಳಿದೆ. ನಲವತ್ತು ವರ್ಷ ಹಮಾಮಿನಲ್ಲಿ, ಊರಿನವರೆಲ್ಲ ಬರುವ ಬಿಸಿನೀರಿನ ಸ್ನಾನದ ಮನೆಯಲ್ಲಿ, ಹೆಂಗಸರ ಮೈ ಉಜ್ಜುತ್ತಿದ್ದೆ ಎಂದರು. ಹಮಾಮಿನವರ ಕೈ ನನಗೆ ಗೊತ್ತು. ಒರಟು ಚೀಲವನ್ನು ಕೈಗೆ ತೊಟ್ಟು ಬೆನ್ನಿಗೆ ಹಚ್ಚಿದರೆಂದರೆ ಕೊಳೆ ಸುರುಳಿ ಸುರುಳಿಯಾಗಿ ಎದ್ದು ಬರುವ ತನಕ ಬಿಡುವವರಲ್ಲ. ಇಲ್ಲಿ ನೋಡಿದರೆ ಒಂದೊಂದು ಬೇರಿನ ಸುತ್ತಲೂ ಸಾಸಿವೆಯಷ್ಟು ಹಕ್ಕಳೆ.

"ಇದು ಕೊಳೆ ಅಲ್ಲ ಚಿಕ್ಕಮ್ಮ," ಎಂದೆ. "ಒಂದು ಹಕ್ಕಳೆ ಕಿತ್ರೆ ಅದರ ಜೊತೆ ಬೇರೂ ಕಿತ್ಕೊಂಡು ಬರತ್ತೆ. ನಿಮ್ಮ ಹಮಾಮಿನ ಕೈನ ಇಲ್ಲಿ ಮರೆತುಬಿಡಿ."

ಅವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ಗೋಡೆಗೆ ಒರಗಿ ನಿಂತಿದ್ದರು. ನಾನು ಔಷಧಿ ಸವರಿ, ಹಕ್ಕಳೆ ನೆನೆಯಲು ಅರ್ಧ ಗಂಟೆ ಬಿಟ್ಟು, ನೀರು ಸುರಿಯುವುದನ್ನು ಕಲಿಯಿರಿ ಎಂದು ಬೋಗುಣಿ ತುಂಬಿಸಿ ಅವರ ಕೈಗೆ ಕೊಟ್ಟೆ. ಅವರು ನೀರನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡರು. ಆಮೇಲೆ ಇನ್ನೊಂದು ಮಣಿಕಟ್ಟು. ಆಮೇಲೆ ಮೊಣಕೈ. ಬೋಗುಣಿ ಚೆಲ್ಲಿ ಮತ್ತೆ ತುಂಬಿಸಿ ಮೊದಲಿನಿಂದ ಶುರುಮಾಡಿದರು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ನನಗೆ ಸಿಟ್ಟು ಬಂತು. ಇದು ನಿಮ್ಮ ಹಮಾಮಲ್ಲ, ನೀರಿನ ಬಿಸಿಯನ್ನು ಯಂತ್ರ ನೋಡಿಕೊಳ್ಳುತ್ತದೆ, ಬೇಗ ಸುರಿಯಿರಿ ಎಂದು ಗದರಿದೆ. ಅವರು ಬೋಗುಣಿಯನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ನಡೆದುಬಿಟ್ಟರು.

ಷೆರ್ಮಿನ್ ಮಲಗಿದ್ದಲ್ಲಿಂದಲೇ, ಚಾವಣಿ ನೋಡುತ್ತಾ ಹೇಳಿದಳು. "ಆ ನೀರು ಸುರಿದದ್ದು ಅಮ್ಮಾನೇ, ಹಾಜೆರಕ್ಕ."

ಅದು ರಂಜಾನ್ ಹಬ್ಬದ ಹಿಂದಿನ ದಿನವಂತೆ. ಹಮಾಮಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೆಂಗಸರು. ಮಗುವನ್ನು ಬಿಟ್ಟುಬರಲು ಯಾರೂ ಇಲ್ಲದೆ ತಾಯಿ ಜೊತೆಯಲ್ಲೇ ಕರೆದೊಯ್ದಿದ್ದರು. ಕಲ್ಲಿನ ತೊಟ್ಟಿಗೆ ಬೀಳುವ ತಣ್ಣೀರಿನ ನಲ್ಲಿಯನ್ನು ಯಾರೋ ನಿಲ್ಲಿಸಿದ್ದರು. ಬೇರೆಯವರಿಗೆ ಸುರಿಯುವಾಗ ಪ್ರತಿ ಸಲವೂ ಮಣಿಕಟ್ಟಿಗೆ ಬಿಟ್ಟು ನೋಡುವ ಕೈ, ಸ್ವಂತ ಮಗುವಲ್ಲವೇ ಎಂದು ಆ ಒಂದು ಸಲ ನೋಡದೆ ಸುರಿಯಿತು.

"ಮೂವತ್ತೇಳು ವರ್ಷ ಆಯ್ತು, ಅಮ್ಮ ನನ್ನ ತಲೆ ಮುಟ್ಟಿಲ್ಲ," ಎಂದಳು. "ಜಡೆ ಹಾಕ್ತಿದ್ದದ್ದು ಪಕ್ಕದ ಮನೆಯವ್ರು. ಹಬ್ಬದ ದಿನ ಎಲ್ರೂ ಹಿರಿಯರಿಗೆ ಮಾಡೋ ಹಾಗೆ ಅವಳ ಕೈಗೆ ಮುತ್ತು ಕೊಟ್ಟು ನನ್ನ ಹಣೆಗೆ ಒತ್ತಿಕೊಳ್ಳೋಕೆ ಹೋದ್ರೆ, ಮುತ್ತು ಮುಗೀತಿದ್ದ ಹಾಗೇ ಕೈ ಎಳ್ಕೊಳ್ತಾಳೆ. ನನಗೆ ಕೂದಲಿಲ್ಲದೆ ಅಭ್ಯಾಸ ಆಗಿಹೋಗಿದೆ ಅಕ್ಕ. ಅಮ್ಮನಿಗೆ ಆಗಿಲ್ಲ. ಅದಕ್ಕೇ ಮಾಡಿಸ್ಕೊಂಡೆ."

ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವಂತಾಯಿತು. ನಿಂಬೆಯ ಕೊಲೋನ್ ಸುಗಂಧದ ಶೀಶೆ ಹಿಡಿದು ಹೊರಗೆ ಹೋದೆ, ಮನೆಗೆ ಬಂದವರಿಗೆ ಮಾಡುವಂತೆ ಅವರ ಅಂಗೈಗೆ ನಾಲ್ಕು ಹನಿ ಹಾಕಿದೆ. ಅವರು ಕೈ ಉಜ್ಜಿಕೊಂಡರು. ನಿಮ್ಮ ಮಗಳ ತಲೆಗೆ ಈಗ ಬಿಸಿ ತಂಪು ಗೊತ್ತಾಗುವುದಿಲ್ಲ, ಅದರ ಬದಲಿಗೆ ನಿಮ್ಮ ಮಣಿಕಟ್ಟು ಬೇಕು, ಎಷ್ಟು ಸಲ ಬೇಕಾದರೂ ನೋಡಿ, ಕಾಯುವವರು ಕಾಯುತ್ತಾರೆ ಎಂದೆ. ಅವರು ತಮ್ಮ ಅಂಗೈ ನೋಡಿಕೊಂಡು ಕೇಳಿದರು.

"ಮುಟ್ಟದೇನೇ ತೊಳೆದ್ರೆ ಆಗತ್ತಾ ಮಗಳೇ?"

ಅದು ಹೇಗೆ ಎಂದೆ. ಒಗೆದ ದಿಂಬಿನ ಚೀಲ ಇದೆಯಾ ಎಂದರು.

ಒಳಗೆ ಕರೆದುಕೊಂಡು ಹೋಗಿ ತಂದುಕೊಟ್ಟೆ. ಅದನ್ನು ನಮ್ಮ ಶಾಂಪೂ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ಬಾಯಿ ಅಗಲಿಸಿ ಗಾಳಿಯಲ್ಲಿ ಒಮ್ಮೆ ಬೀಸಿದರು. ಚೀಲ ಉಬ್ಬಿ ನಿಂತಿತು. ಬಾಯಿಯನ್ನು ತಿರುವಿ ಹಿಡಿದು, ಇನ್ನೊಂದು ಕೈಯನ್ನು ಮೇಲಿನಿಂದ ಕೆಳಕ್ಕೆ ಎಳೆದರು. ಬಟ್ಟೆಯ ಎಳೆ ಎಳೆಯಿಂದ ನೊರೆ ಹೊರಟಿತು. ಬಿಳಿ ನೊರೆ, ಮಂದವಾಗಿ, ಅವಸರವಿಲ್ಲದೆ ಜಾರಿ ಮಗಳ ತಲೆಯ ಮೇಲೆ ಕೂತಿತು. ಚೀಲವಾಗಲಿ ಕೈಯಾಗಲಿ ತಲೆಗೆ ತಾಗಲಿಲ್ಲ. ಹಮಾಮಿನಲ್ಲಿ ಇದನ್ನು ನಾನು ನೂರು ಸಲ ಮೈಮೇಲೆ ಹಾಕಿಸಿಕೊಂಡಿದ್ದೇನೆ, ಬೆಚ್ಚಗಿದೆ ಎಂದು ಕಣ್ಣು ಮುಚ್ಚಿ ಮಲಗಿದ್ದೇನೆ. ಹನ್ನೊಂದು ವರ್ಷ ಬೆರಳ ತುದಿಯಿಂದ ನೊರೆ ಹಚ್ಚುತ್ತಾ ಎಲ್ಲಿ ಒತ್ತಿಬಿಡುತ್ತೇನೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡವಳಿಗೆ ಇದು ಹೊಳೆದಿರಲಿಲ್ಲ. ಬಾಗಿಲಲ್ಲಿ ಯಾವಾಗ ಬಂದು ನಿಂತಿದ್ದರೋ, ಡಾಕ್ಟರು ಕೂಡ ಕತ್ತು ಚಾಚಿ ನೋಡುತ್ತಿದ್ದರು.

ಆಮೇಲೆ ಬೋಗುಣಿ ಎತ್ತಿಕೊಂಡರು. ಮಣಿಕಟ್ಟು, ಮಣಿಕಟ್ಟು, ಮೊಣಕೈ. ಬೋಗುಣಿಯಿಂದ ಇಳಿದ ನೀರಿನ ಎಳೆ ಎಲ್ಲೂ ಅಲುಗಲಿಲ್ಲ. ನೀರು ತಲೆಗೆ ತಾಗಿದಾಗ ಷೆರ್ಮಿನ್ ಕಣ್ಣು ಮುಚ್ಚಿಕೊಂಡಳು.

ಹತ್ತನೆಯ ದಿನದವರೆಗೆ ಮನೆಯಲ್ಲಿ ಹೀಗೇ ನಡೆಯಿತು. ಷೆರ್ಮಿನ್ ಕುತ್ತಿಗೆ ದಿಂಬು ಹಾಕಿಕೊಂಡು ಒರಗಿ ಕೂತೇ ಮಲಗಿದಳು, ಬಿಸಿಲಿಗೆ ಹೋಗಲಿಲ್ಲ, ತುರಿಸಿದರೂ ಉಪ್ಪುನೀರು ಚಿಮುಕಿಸಿಕೊಂಡು ಸುಮ್ಮನಿದ್ದಳು. ಹಕ್ಕಳೆಗಳು ನೊರೆಯೊಡನೆ ತಾವಾಗಿ ಕಳಚಿಹೋದವು. ಹನ್ನೊಂದನೆಯ ದಿನ ತೋರಿಸಲು ಬಂದಾಗ ಆ ಕಲೆಯ ಮೇಲೆ ಕುಳ್ಳ ಕೂದಲು ಸಾಲಾಗಿ ನಿಂತಿದ್ದವು. ಅಷ್ಟು ಚೊಕ್ಕವಾದ ತಲೆಯನ್ನು ನಾನು ಕಂಡಿರಲಿಲ್ಲ. ಆ ಖುಷಿಯಲ್ಲಿ ಹೇಳಲೇಬೇಕಾದ ಒಂದು ಮಾತನ್ನು ಮಗಳಿಗೆ ಮಾತ್ರ ಹೇಳಿ, ತಾಯಿಗೆ ಹೇಳುವುದನ್ನು ಮರೆತೆ.

ಮತ್ತೆ ಎರಡು ವಾರಕ್ಕೆ ಮುಯೆಸ್ಸರ್ ಚಿಕ್ಕಮ್ಮ ಒಬ್ಬರೇ ಹಡಗು ಹತ್ತಿ ಬಂದರು. ಸೊಂಟದಿಂದ ಬಿಳಿ ಕರವಸ್ತ್ರ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಂದು ಚಿಟಿಕೆ ಕೂದಲು.

"ದಿಂಬಿನ ಮೇಲಿಂದ ಹೆಕ್ಕಿದ್ದು," ಎಂದರು. "ನನ್ನ ಕೈಯೇ ಇಂಥದ್ದು. ಎರಡು ಸಲ ಸುಟ್ಟೆ ಆ ಮಗೂನ."

ಮೂರನೆಯ ನಾಲ್ಕನೆಯ ವಾರದಲ್ಲಿ ನೆಟ್ಟ ಕೂದಲೆಲ್ಲ ಉದುರಿಹೋಗುತ್ತದೆ, ಅದೇ ಸರಿಯಾದದ್ದು, ಬೇರು ಒಳಗೆ ನಿದ್ದೆ ಮಾಡಿ ಮೂರು ನಾಲ್ಕು ತಿಂಗಳಿಗೆ ಎದ್ದು ಬರುತ್ತದೆ, ತಪ್ಪು ನಿಮ್ಮದಲ್ಲ, ಹೇಳದ ನನ್ನದು ಎಂದು ಎಷ್ಟು ಹೇಳಿದರೂ ಅವರ ಮುಖ ಬದಲಾಗಲಿಲ್ಲ. ಸಮಾಧಾನಕ್ಕೆ ಹೇಳುತ್ತೀ ಎಂದರು. ಬರೇ ಸಮಾಧಾನವಲ್ಲ, ಆದರೆ ಖಾತ್ರಿಯೂ ಇರಲಿಲ್ಲ. ಸುಟ್ಟ ಕಲೆಯ ಕೆಳಗೆ ಮಲಗಿದ ಬೇರು ಏಳುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಅಂದಿನಿಂದ ಅವರು ಮಗಳ ಸ್ನಾನದ ಬಾಗಿಲ ಹತ್ತಿರವೂ ಹೋಗುತ್ತಿಲ್ಲ ಎಂದು ಷೆರ್ಮಿನ್ ಫೋನಿನಲ್ಲಿ ಹೇಳಿದಳು. ಆ ಕರವಸ್ತ್ರವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದರು. ಎಸೆಯಲು ನನಗೆ ಮನಸ್ಸಾಗಲಿಲ್ಲ.

ಜುಲೈಯಲ್ಲಿ ನಾಲ್ಕು ತಿಂಗಳ ತಪಾಸಣೆಗೆ ಬಂದರು. ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಏನೂ ಕಾಣುತ್ತಿಲ್ಲ, ಇನ್ನೆರಡು ತಿಂಗಳು ನೋಡೋಣ ಎಂದು ಹೊರಟುಹೋದರು. ನಾನು ಷೆರ್ಮಿನಳನ್ನು ಬೇಸಿನ್ನಿಗೆ ಮಲಗಿಸಿದೆ. ಮುಯೆಸ್ಸರ್ ಚಿಕ್ಕಮ್ಮ ಅದೇ ಗೋಡೆಗೆ, ಅದೇ ಥರ ಕೈ ಕಟ್ಟಿ ನಿಂತಿದ್ದರು.

"ಅಮ್ಮ, ನೀನು ನೋಡು," ಎಂದಳು ಷೆರ್ಮಿನ್. "ಅವರಿಗೆ ಕಣ್ಣಲ್ಲಿ ಕಾಣ್ಲಿಲ್ಲ. ನಿನಗೆ ಕೈಯಲ್ಲಿ ಗೊತ್ತಾಗತ್ತೆ."

ಅವರು ಅಲುಗಾಡಲಿಲ್ಲ. ನಾನು ಬೋಗುಣಿ ತುಂಬಿಸಿ ಸುಮ್ಮನೆ ಹಿಡಿದುಕೊಂಡು ನಿಂತೆ, ಈ ಸಲ ಅವಸರ ಮಾಡಲಿಲ್ಲ. ಕೊನೆಗೆ ಬಂದರು. ಮಣಿಕಟ್ಟು, ಮಣಿಕಟ್ಟು, ಮೊಣಕೈ. ನೀರು ಸುರಿದರು. ಬಲಗೈಯ ನಾಲ್ಕು ಬೆರಳಿಗೆ ಸೋಪು ಹಚ್ಚಿಕೊಂಡು, ಮೂವತ್ತೇಳು ವರ್ಷ ಮುಟ್ಟದ ಆ ಕಲೆಯ ಮೇಲೆ ಇಟ್ಟರು. ಹಿಂದಕ್ಕೊಮ್ಮೆ ಸವರಿದರು. ಮುಂದಕ್ಕೆ ತರುವಾಗ ಬೆರಳು ನಿಂತಿತು.

"ಚುಚ್ಚುತ್ತೆ," ಎಂದರು.

ನಾನು ಬೆರಳಿಟ್ಟು ನೋಡಿದೆ. ನನಗೇನೂ ತಾಗಲಿಲ್ಲ. ದೀಪವನ್ನು ಪಕ್ಕಕ್ಕೆ ಎಳೆದು, ಬಗ್ಗಿ, ಕಲೆಯ ಮಟ್ಟಕ್ಕೆ ಕಣ್ಣು ತಂದೆ. ಒಂದು. ಅದರ ಪಕ್ಕ ಇನ್ನೊಂದು. ಆಮೇಲೆ ಏಳೆಂಟು, ಜೇಡನ ಎಳೆಗಿಂತ ಸಣ್ಣಗೆ, ಸುಟ್ಟ ಚರ್ಮವನ್ನು ತೂರಿಕೊಂಡು ಬಂದಿದ್ದವು.

ಮುಯೆಸ್ಸರ್ ಚಿಕ್ಕಮ್ಮನಿಗೆ ನಾನು ಕಂಡದ್ದನ್ನು ಹೇಳಬೇಕಾಗಿಯೇ ಇರಲಿಲ್ಲ. ಅವರು ಈಗ ಪೂರ್ತಿ ಅಂಗೈಯನ್ನು ಮಗಳ ತಲೆಯ ಮೇಲೆ ಇಟ್ಟಿದ್ದರು. ನೀರು ತಣ್ಣಗಾಗುತ್ತಾ ಬಂತು, ಹೊರಗೆ ಕಾಯುವವರು ಬಾಗಿಲು ತಟ್ಟಿದರು. ಮುಟ್ಟಬೇಡಿ ಎಂದು ನಾನು ಹೇಳಲಿಲ್ಲ.