ಮುಟ್ಟಬಾರದ ಬೆಣೆ

ಓರಿನ್ ಹೋವ್‌ಲ್ಯಾಂಡನಂಥ ಜಿಗುಟು ಮನುಷ್ಯ ಸೇಜ್ ಕ್ರೀಕಿನಲ್ಲಿ ಇನ್ನೊಬ್ಬನಿರಲಿಲ್ಲ. ದುಡ್ಡಿನ ಜಿಗುಟಲ್ಲ ಮತ್ತೆ. ಹಸಿದು ಬಂದವನ ಮುಂದೆ ತನ್ನ ತಟ್ಟೆಯನ್ನೇ ದಬ್ಬುವ ಪೈಕಿ ಅವನು. ಅವನ ಜಿಗುಟೆಲ್ಲ ಹಳೇ ರಿವಾಲ್ವರುಗಳ ವಿಷಯದಲ್ಲಿ. ಪ್ರತಿ ಆಗಸ್ಟಿನಲ್ಲಿ ಮೊಂಟಾನಾದ ಮೂಲೆಮೂಲೆಯ ಸಂಗ್ರಹಗಾರರು ಊರಂಚಿನ ದೊಡ್ಡ ಹಾಲಿನಲ್ಲಿ ಮೇಜು ಹಾಕಿಕೊಂಡು ಕೂತಾಗ, ಉಳಿದವರ ಮೇಜಿನ ಮೇಲೆ ‘ಕೇಳಿ ಮುಟ್ಟಿ’ ಎಂಬ ಹಲಗೆ ಇರುತ್ತಿತ್ತು. ಇವನ ಮೇಜಿನ ಮೇಲೆ ‘ಮುಟ್ಟಬೇಡಿ’ ಅಷ್ಟೇ. ಕೇಳುವ ಮಾತೇ ಇಲ್ಲ.

ಮೇಜಿನ ನಡುವೆ ನೀಲಿ ಮಖಮಲ್ಲಿನ ಪೆಟ್ಟಿಗೆ, ಅದರಲ್ಲಿ ಎರಡು ರಿವಾಲ್ವರು ಮಲಗುವಷ್ಟು ಎರಡು ತಗ್ಗು. ಎರಡೂ ಅವನ ಮುತ್ತಜ್ಜನವು. ಟೆಕ್ಸಾಸಿನಿಂದ ದನ ಹೊಡೆದುಕೊಂಡು ಬಂದ ಆ ಮುದುಕ ಇವುಗಳನ್ನು ಸೊಂಟಕ್ಕೆ ಕಟ್ಟಿಕೊಂಡೇ ಈ ಊರಿಗೆ ಕಾಲಿಟ್ಟಿದ್ದು. ಕಾಡತೂಸು ಬರುವ ಮುಂಚಿನ ಕೇಪಿನ ರಿವಾಲ್ವರುಗಳು ಅವು. ತಿರುಗುವ ಉರುಳೆಯಲ್ಲಿ ಆರು ಗೂಡು. ಒಂದೊಂದು ಗೂಡಿಗೂ ಮುಂದಿನಿಂದ ಮದ್ದು ಸುರಿದು, ಸೀಸದ ಗುಂಡು ಜಡಿದು, ಬಾಯಿಗೆ ಕೊಬ್ಬು ಮೆತ್ತಬೇಕು. ಹಿಂದುಗಡೆ ತಾಮ್ರದ ಕೇಪು ಸಿಕ್ಕಿಸಬೇಕು. ಹ್ಯಾಮರ್ ಕೇಪಿಗೆ ಬಡಿಯಿತೋ, ಗುಂಡು ಹಾರಿತು. ಇವತ್ತು ಪೆಟ್ಟಿಗೆಯ ಒಂದು ತಗ್ಗು ಬರಿದಾಗಿತ್ತು. ಓರಿನ್ನನ ಕಣ್ಣು ಗಳಿಗೆಗೊಮ್ಮೆ ಅಲ್ಲಿಗೇ ಹೋಗುತ್ತಿತ್ತು.

ಆ ತಗ್ಗಿನ ರಿವಾಲ್ವರು ಈಗ ತಮ್ಮ ಕ್ಲೈಡನ ಸೊಂಟದಲ್ಲಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಕಳೆದಿದ್ದವು, ಬಿಟ್ಟದ್ದೂ ಈ ಜೋಡಿಯ ದೆಸೆಯಿಂದಲೇ. ಕ್ಲೈಡನಿಗೆ ಗನ್ನು ಎಂದರೆ ಬಿಚ್ಚಬೇಕು, ತಿಕ್ಕಬೇಕು, ಹೊಡೆಯಬೇಕು. ಓರಿನ್ನನಿಗೆ ಅದು ದೇವರ ಪಟ. ಇವನು ಎರಡನ್ನೂ ಗಾಜಿನೊಳಗಿಟ್ಟು ಬೀಗ ಹಾಕಿದ್ದ, ಅವನು ಇವನ ಮನೆ ಬಾಗಿಲು ತುಳಿಯುವುದನ್ನೇ ಬಿಟ್ಟಿದ್ದ. ಈ ಸಲ ಮಾತ್ರ ಓರಿನ್ನನ ಹೆಂಡತಿ ನೋರೀನ್ ಪಟ್ಟು ಹಿಡಿದಳು. ಊರು ಹುಟ್ಟಿದ ದಿನದ ನಾಟಕ ಆಡಿಸುವವಳು ಅವಳೇ. ಅದರಲ್ಲಿ ಕ್ಲೈಡ್ ಊರು ಕಾಯುವ ಮಾರ್ಷಲ್ ಆಗುತ್ತಾನೆ, ಅವನ ಮಗಳು ಟ್ವೈಲಾ ಬ್ಯಾಂಕ್ ದೋಚುವ ಕಳ್ಳಿ. ಒಂದು ಮಧ್ಯಾಹ್ನದ ಮಟ್ಟಿಗೆ ಒಂದು ಗನ್ನು ಕೊಟ್ಟರೆ ಏನು ಗಂಟು ಹೋಗುತ್ತದೆ ಎಂದು ಅವಳ ವಾದ.

“ಸತ್ತಾಗ ಪೆಟ್ಟಿಗೇಲಿ ಇಟ್ಕೊಂಡು ಹೋಗ್ತೀಯಾ?” ಎಂದಿದ್ದಳು. “ಇರೋ ಒಬ್ಬ ತಮ್ಮನ್ನ ಕಬ್ಬಿಣದ ತುಂಡಿಗೆ ಮಾರ್ಕೊಂಡೆಯಲ್ಲಪ್ಪಾ!”

ಓರಿನ್ ಸೋತ. ಸೋತರೂ ಷರತ್ತು ಹಾಕದೆ ಬಿಡುವ ಜೀವವಲ್ಲ. ಬೆಳಿಗ್ಗೆ ಹಾಲಿನ ಬಾಗಿಲಲ್ಲಿ ಗನ್ನು ಕೊಡುವಾಗ ಮಗುವನ್ನು ಪರರ ಮನೆಗೆ ಕಳಿಸುವವನ ಹಾಗೆ ನಿಂತಿದ್ದ.

“ಮದ್ದು ಹಾಕ್ಕೂಡದು. ಒಂದೇ ಕೇಪು, ಒಂದೇ ಏಟು, ಅದೂ ನಾಟಕದಲ್ಲೇ. ಎಣ್ಣೆ, ಬಟ್ಟೆ ಏನೂ ತಾಗಿಸ್ಕೂಡದು. ಸುಮ್ಸುಮ್ನೆ ಉರುಳೆ ತಿರುಗ್ಸಿ ಗೀರು ಮಾಡ್ಕೂಡದು. ನಳಿಗೆ ಹಿಡ್ಕೊಂಡಿರೋ ಆ ಬೆಣೆ ಇದೆಯಲ್ಲ, ಅದನ್ನ ಮುತ್ತಜ್ಜ ಬಡಿದಿದ್ದು. ಇವತ್ತಿಗೂ ಯಾರೂ ಅಲ್ಲಾಡ್ಸಿಲ್ಲ. ಅದನ್ನ ಮುಟ್ಟಿದ್ಯೋ, ನಾನು ನಿನಗೆ ಅಣ್ಣ ಅಲ್ಲ.”

“ಈಗೇನು ಅಣ್ಣನ ಥರ ಇದೀಯಾ?” ಕ್ಲೈಡ್ ನಕ್ಕ. ಆಮೇಲೆ ಗನ್ನನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ. “ಅಲ್ಲ ಕಣಣ್ಣಾ, ಗೂಡಿನ ಬಾಯೆಲ್ಲ ಜಿಡ್ಡು ಕಟ್ಕೊಂಡಿದೆ. ಬೆಣೆ ತೆಗೆದು ಒಂದ್ಸಲ ಒಳಗೆ ನೋಡ್ಬಿಡ್ತೀನಿ. ಏನಿದೆಯೋ ಏನೋ.”

“ಆ ಜಿಡ್ಡೂ ಮುತ್ತಜ್ಜಂದೇ. ಕೆರೆಯೋಕೆ ನೀನ್ಯಾರು? ಒಳಗೆ ಏನೂ ಇಲ್ಲ. ಹಿಂದೆಯೇ ಎರಡಕ್ಕೂ ನಳಿಗೇಲಿ ಕಡ್ಡಿ ಹಾಕಿ ನೋಡಿದೀನಿ, ತಳದವರೆಗೂ ಹೋಯ್ತು.”

“ಆಣೆಗೂ?”

“ಆಣೆಗೂ ಕಣೋ. ಹೋಗು.”

ಕ್ಲೈಡ್ ಹೋದ. ಹೋಗುವಾಗ ಒಂದು ಸಲ ತಿರುಗಿ ನೋಡಿ ಟೋಪಿ ಎತ್ತಿದ. ಅಷ್ಟಕ್ಕೇ ಓರಿನ್ನನ ಎದೆ ತುಂಬಿ ಬಂತು.

ಮಧ್ಯಾಹ್ನದ ಹೊತ್ತಿಗೆ ಹಾಲ್ ಅರ್ಧ ಖಾಲಿ. ಜನವೆಲ್ಲ ನಾಟಕ ನೋಡಲು ಮುಖ್ಯ ಬೀದಿಗೆ ಹೋಗಿತ್ತು. ಐಡಾ ಪ್ರೂಯಿಟ್ ಮಾತ್ರ ಊರುಗೋಲು ಕುಟ್ಟಿಕೊಂಡು ಓರಿನ್ನನ ಮೇಜಿಗೆ ಬಂದಳು. ಅವಳೂ ಸಂಗ್ರಹಗಾರ್ತಿಯೇ, ಈ ಹಾಲಿನಲ್ಲಿ ಎಲ್ಲರಿಗಿಂತ ಹಳಬಳು. ಓರಿನ್ನನಿಗೆ ಎದುರು ಮಾತಾಡುವ ಧೈರ್ಯ ಅವಳೊಬ್ಬಳಿಗೇ ಇದ್ದದ್ದು.

“ಏನಪ್ಪಾ, ಒಂದನ್ನ ಗಂಡನ ಮನೆಗೆ ಕಳಿಸ್ಬಿಟ್ಟೆಯಂತೆ?”

“ಸಂಜೆಗೆ ವಾಪಸ್ ಬರುತ್ತೆ, ಐಡಮ್ಮ.”

“ಬರಲಿ ಬಿಡು. ಇಷ್ಟು ವರ್ಷದಿಂದ ನೋಡ್ತಿದೀನಿ, ಒಂದ್ಸಲನಾದ್ರೂ ಇದರ ದನಿ ಕೇಳ್ಸಿದೀಯಾ? ಹ್ಯಾಮರ್ ಅರ್ಧಕ್ಕೆಳೆದು ಉರುಳೆ ತಿರುಗ್ಸು. ಕಣ್ಣು ಮುಚ್ಕೊಂಡು ಕೇಳಿ ಹೋಗ್ತೀನಿ. ಮುಂದಿನ ವರ್ಷ ಇರ್ತೀನೋ ಇಲ್ವೋ.”

ಬೇರೆ ದಿನವಾಗಿದ್ದರೆ ಓರಿನ್ ಸುತರಾಂ ಒಪ್ಪುತ್ತಿರಲಿಲ್ಲ. ಉರುಳೆ ತಿರುಗಿದರೆ ಅದರ ಮೈಮೇಲೆ ಸುತ್ತಲೂ ಗೀರು ಬೀಳುತ್ತದೆ. ಅವನ ಜೋಡಿಯ ಮೇಲೆ ಅಂಥ ಹೊಸ ಗೀರು ಒಂದೂ ಇರಲಿಲ್ಲ, ಅದೇ ಅವನ ಹೆಮ್ಮೆ. ಆದರೆ ತಮ್ಮನ ಟೋಪಿ ಇನ್ನೂ ಕಣ್ಣಲ್ಲಿತ್ತು. ಮನಸ್ಸು ಮೆತ್ತಗಾಗಿತ್ತು. ಕೈಗೆ ಹತ್ತಿಯ ಗವುಸು ಏರಿಸಿ, ಪೆಟ್ಟಿಗೆಯಲ್ಲಿ ಉಳಿದಿದ್ದ ರಿವಾಲ್ವರನ್ನು ಎತ್ತಿ, ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ, ಉರುಳೆಯನ್ನು ಹೆಬ್ಬೆರಳಿಂದ ಮೆಲ್ಲಗೆ ತಳ್ಳಿದ.

ಕ್ಲಿಕ್. ಐಡಾ ಕಣ್ಣು ಮುಚ್ಚಿ ಮುಗುಳ್ನಕ್ಕಳು. ಕ್ಲಿಕ್. ಗೂಡಿನ ಬಾಯಿಗೆ ಕಟ್ಟಿದ್ದ ಜಿಡ್ಡಿನ ಹಕ್ಕಳೆಯೊಂದು ಎದ್ದು ಬಿಳಿ ಗವುಸಿನ ಮೇಲೆ ಬಿತ್ತು. ಅಯ್ಯೋ ಎಂದು ಓರಿನ್ ಬಾಗಿ ನೋಡಿದ. ಹಕ್ಕಳೆ ಎದ್ದ ಜಾಗದಲ್ಲಿ ಬೂದು ಬಣ್ಣದ, ದುಂಡಗಿನ, ನುಣ್ಣನೆಯದೇನೋ ಕಂಡಿತು.

ಸೀಸ.

ಓರಿನ್ ಗವುಸು ಕಿತ್ತೆಸೆದ. ಉಗುರಿಂದ ಪಕ್ಕದ ಗೂಡನ್ನು ಕೆರೆದ. ಅಲ್ಲೂ ಸೀಸ. ಅದರ ಪಕ್ಕದಲ್ಲೂ.

ಹೇಗೆ? ಕಡ್ಡಿ ತಳದವರೆಗೆ ಹೋಗಿತ್ತಲ್ಲ! ಹೋಗಿತ್ತು, ನಿಜ. ನಳಿಗೆಯ ನೇರಕ್ಕೆ ಇದ್ದ ಒಂದೇ ಒಂದು ಗೂಡಿನೊಳಗೆ ಹೋಗಿತ್ತು. ಆ ಕಾಲದಲ್ಲಿ ಬುದ್ಧಿಯಿದ್ದ ಯಾವನೂ ಆರು ತುಂಬುತ್ತಿರಲಿಲ್ಲ. ಕುದುರೆ ಎಗರಿ ಹ್ಯಾಮರಿಗೆ ಪೆಟ್ಟು ಬಿದ್ದರೆ ಸ್ವಂತ ಕಾಲಿಗೇ ಗುಂಡು ಎಂದು ಐದು ತುಂಬಿ, ಹ್ಯಾಮರಿನ ಕೆಳಗೆ ಖಾಲಿ ಗೂಡು ಬಿಡುತ್ತಿದ್ದರು. ಈ ಮಾತನ್ನು ವರ್ಷವರ್ಷವೂ ಇದೇ ಮೇಜಿನ ಹಿಂದೆ ನಿಂತು ಬಂದವರಿಗೆಲ್ಲ ಪಾಠ ಒಪ್ಪಿಸುತ್ತಿದ್ದವನು ಯಾರು? ಇದೇ ಓರಿನ್! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಗೀರು ಬೀಳುತ್ತದೆಂದು ಉರುಳೆ ತಿರುಗಿಸದೆ, ಖಾಲಿ ಗೂಡೊಂದಕ್ಕೇ ಕಡ್ಡಿ ತೂರಿಸಿ, ಎರಡು ಗನ್ನೂ ಬರಿದು ಎಂದು ತಮ್ಮನ ಮುಂದೆ ಆಣೆ ಹಾಕಿದ್ದ.

ಕ್ಲೈಡನ ಕೈಯಲ್ಲಿರುವುದರ ಗೂಡಿನ ಬಾಯಲ್ಲೂ ಇದೇ ಜಿಡ್ಡು. ಈಗ ಅವನು ಹ್ಯಾಮರ್ ಎಳೆದ ಕೂಡಲೇ ಉರುಳೆ ತಾನಾಗಿಯೇ ಒಂದು ಗೂಡು ತಿರುಗುತ್ತದೆ. ತುಂಬಿದ ಗೂಡು ನಳಿಗೆಯ ನೇರಕ್ಕೆ ಬರುತ್ತದೆ, ಹಿಂದೆ ಹೊಸ ಕೇಪು. ನಳಿಗೆಯ ಎದುರು ಟ್ವೈಲಾ. ಮಕ್ಕಳಿಲ್ಲದ ಓರಿನ್ ಹೆಗಲ ಮೇಲೆ ಹೊತ್ತು ಬೆಳೆಸಿದ ಟ್ವೈಲಾ.

“ಐಡಮ್ಮ, ತುಂಬಿದೆ! ಇದು ತುಂಬಿದೆ!”

ಐಡಾ ಒಂದೇ ನೋಟಕ್ಕೆ ಎಲ್ಲ ಅರಿತಳು. “ನಿಂತಿದೀಯಲ್ಲೋ, ಓಡು! ನಾನು ಫೋನ್ ಮಾಡ್ತೀನಿ.”

ಯಾರಿಗೆ ಮಾಡುತ್ತಾಳೆ? ಆ ಕಾಲದಲ್ಲಿ ಇಲ್ಲದ ವಸ್ತು ಜೇಬಿನಲ್ಲಿರಬಾರದೆಂಬ ನಿಯಮ ಮಾಡಿ, ನಾಟಕದವರ ಫೋನುಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿಟ್ಟವಳು ನೋರೀನ್. ಅವಳ ಫೋನೂ ಅದೇ ಬುಟ್ಟಿಯಲ್ಲಿತ್ತು.

ಓರಿನ್ ಓಡಿದ. ಅರವತ್ತು ದಾಟಿದ ಹೊಟ್ಟೆ, ಕೆಟ್ಟ ಮಂಡಿ, ನೆತ್ತಿ ಸುಡುವ ಬಿಸಿಲು. ನಿಲ್ಲಿಸಿದ ಟ್ರಕ್ಕುಗಳ ಸಂದಿಯಲ್ಲಿ ನುಗ್ಗಿದ. ಎದುರಾದ ಯಾರೋ “ಏನ್ ಓರಿನ್, ಹೆಂಡ್ತಿ ಅಟ್ಟಿಸ್ಕೊಂಡು ಬರ್ತಿದಾಳಾ?” ಎಂದು ನಕ್ಕರು. ಬೀದಿಯ ಕಡೆಯಿಂದ ಮೈಕಿನವನ ದನಿ ಕೇಳುತ್ತಿತ್ತು.

“ನೋಡ್ರಪ್ಪಾ, ಬ್ಯಾಂಕಿನ ಬಾಗಿಲು ತೆಗೀತು! ಕಳ್ಳಿ ಹೊರಗೆ ಬಂದ್ಲು!”

ದೇವರೇ, ಇನ್ನೊಂದು ಸ್ವಲ್ಪ ಹೊತ್ತು, ಎಂದು ಓರಿನ್ ಬೇಡಿಕೊಂಡ. ಅವನು ದೇವರನ್ನು ನೆನೆದು ಎಷ್ಟೋ ಕಾಲವಾಗಿತ್ತು. ನಾಟಕ ಅವನಿಗೆ ಬಾಯಿಪಾಠ. ಕಳ್ಳಿ ಚೀಲ ಎತ್ತಿ ಕುಣಿಸುತ್ತಾಳೆ, ಮಾರ್ಷಲನನ್ನು ಹಂಗಿಸುತ್ತಾಳೆ, ಮಾರ್ಷಲ್ ಎದೆಗೆ ಗುರಿಯಿಟ್ಟು ಹೊಡೆಯುತ್ತಾನೆ. ಬರೀ ಕೇಪು ತಾನೇ ಎಂದು ನೇರ ಎದೆಗೇ ಗುರಿಯಿಡುತ್ತಾನೆ.

“ಮಾರ್ಷಲ್ ಬಂದ! ಚಪ್ಪಾಳೆ ಹೊಡೀರಿ!”

ಬೀದಿಯ ತುಂಬ ಜನ. “ಬಿಡ್ರಿ, ದಾರಿ ಬಿಡ್ರಿ!” ಎಂದು ಕೂಗಲು ಹೋದರೆ ಉಸಿರೇ ಇಲ್ಲ. ಮೊಣಕೈಯಿಂದ ತಿವಿದ, ಒಬ್ಬಳ ಕೈಯಲ್ಲಿದ್ದ ನಿಂಬೆ ಪಾನಕ ಚೆಲ್ಲಿದ, ಬೈಸಿಕೊಂಡ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಧೂಳಿನ ಬೀದಿಗೆ ಬಿದ್ದ.

ಟ್ವೈಲಾ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ಚೀಲ ಕುಣಿಸುತ್ತಿದ್ದಳು. “ಏನ್ ಮಾರ್ಷಲ್ಲೇ, ಕೈ ನಡುಗ್ತಿದೆಯಾ? ಹೊಡಿ ನೋಡೋಣ!”

ಕ್ಲೈಡ್ ಆಗಲೇ ಹ್ಯಾಮರ್ ಎಳೆದು ತೋಳು ಚಾಚಿದ್ದ.

“ಬೇಡ... ಕ್ಲೈಡ್...” ಓರಿನ್ ಎದ್ದು ನುಗ್ಗಿದ.

ಜನ ಹೋ ಎಂದು ಕೇಕೆ ಹಾಕಿತು. ಇದೂ ನಾಟಕದ್ದೇ ಭಾಗ ಎಂದುಕೊಂಡಿತು. ಕ್ಲೈಡ್ ಒಂದು ಸಲ ಕಣ್ಣು ಹೊರಳಿಸಿ ಅಣ್ಣನನ್ನು ನೋಡಿದ. ಅವನ ಮುಖ ಕೆಂಪಗಾಯಿತು.

“ಬಂದ್ಯಾ? ಬೆವರು ತಾಗಿತು, ಗೀರು ಬಿತ್ತು ಅಂತ ಬಂದ್ಯಾ? ಇಡೀ ಊರಿನ ಎದುರಿಗೆ ನನ್ನ ಮಾನ ಕಳೆಯೋಕೆ ಬಂದ್ಯಾ? ಒಂದು ದಿನ ಕೊಟ್ಟು ಒಂದು ದಿನ ತಡೆಯೋಕಾಗ್ಲಿಲ್ವಾ ನಿನ್ನ ಕೈಲಿ? ಹೊಡೆದೇ ಹೊಡೀತೀನಿ, ನೋಡ್ತಾ ನಿಲ್ಲು!”

ಕ್ಲೈಡನ ಸಿಟ್ಟಿನಲ್ಲಿ ಸುಳ್ಳೇನಿರಲಿಲ್ಲ. ನಿನ್ನೆಯಾಗಿದ್ದರೆ ಓರಿನ್ ಗೀರಿಗೂ ಹೀಗೆಯೇ ಓಡಿ ಬರುತ್ತಿದ್ದ. ಒಳಗೆ ಗುಂಡಿದೆ ಎನ್ನಲು ಬಾಯಿ ತೆರೆದ, ಬಂದದ್ದು ಬರೀ ಏದುಸಿರು. ಕ್ಲೈಡನ ಬೆರಳು ಟ್ರಿಗರಿನ ಮೇಲೆ ಬಿಗಿಯುವುದು ಕಂಡಿತು. ಓರಿನ್ ಎಡಗೈಯನ್ನು ಗನ್ನಿನ ಮೇಲೆ ಅಪ್ಪಳಿಸಿ, ಹೆಬ್ಬೆರಳು ತೋರುಬೆರಳಿನ ನಡುವಿನ ಸಂದನ್ನು ಹ್ಯಾಮರಿನ ಬಾಯಿಗೆ ತೂರಿಸಿದ.

ಹ್ಯಾಮರ್ ಬಿತ್ತು. ಸದ್ದೇ ಬರಲಿಲ್ಲ. ಕೇಪಿನ ಮುಂದೆ ಓರಿನ್ನನ ಮಾಂಸ ಸಿಕ್ಕಿಕೊಂಡಿತ್ತು. ನೋವಿಗೆ ಅವನ ಕಣ್ಣು ಕತ್ತಲೆಗಟ್ಟಿತು, ಆದರೂ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಗನ್ನನ್ನು ತಮ್ಮನ ಹಿಡಿತದಿಂದ ಕಿತ್ತುಕೊಂಡು, ಹೋಟೆಲಿನ ಮುಂದೆ ಕುದುರೆಗಳಿಗೆ ನೀರಿಡುವ ತೊಟ್ಟಿಯ ಕಡೆ ಕಾಲೆಳೆದುಕೊಂಡು ಹೋದ. ಮೊಣಕಾಲೂರಿ, ಗನ್ನಿನ ಸಮೇತ ಕೈಯನ್ನು ಮೊಣಕೈವರೆಗೂ ನೀರಿನಲ್ಲಿ ಮುಳುಗಿಸಿದ.

ಜನ ಇನ್ನೂ ನಗುತ್ತಿತ್ತು. ಕ್ಲೈಡ್ ನಗಲಿಲ್ಲ. ಗನ್ನಿನ ಹತ್ತಿರ ಯಾರೂ ಜೋರಾಗಿ ಉಸಿರೂ ಬಿಡಕೂಡದೆನ್ನುತ್ತಿದ್ದ ಅಣ್ಣ ಅದನ್ನು ಕುದುರೆಯ ಎಂಜಲು ನೀರಿನಲ್ಲಿ ಅದ್ದಿ ಹಿಡಿದಿದ್ದಾನೆ. ಅದನ್ನು ನೋಡಿಯೇ ಕ್ಲೈಡನಿಗೆ ವಿಷಯ ಹೊಳೆಯಿತು. ತೊಟ್ಟಿಯ ಅಂಚು ಹಿಡಿದು ಅಣ್ಣನ ಪಕ್ಕ ಕೂತ.

“ಅಣ್ಣಾ... ತುಂಬಿತ್ತಾ?”

ಓರಿನ್ ತಲೆಯಾಡಿಸಿದ. ನೀರಿನಲ್ಲಿ ರಕ್ತ ಹರಡುತ್ತಿತ್ತು. ಮುತ್ತಜ್ಜನ ಜಿಡ್ಡು ಹಕ್ಕಳೆ ಹಕ್ಕಳೆಯಾಗಿ ಎದ್ದು ತೇಲುತ್ತಿತ್ತು.

ಟ್ವೈಲಾ ಚೀಲ ಬಿಸಾಕಿ ಓಡಿ ಬಂದಳು. “ದೊಡ್ಡಪ್ಪಾ, ಕೈಯೆಲ್ಲ ರಕ್ತ! ಏನಾಯ್ತು? ಅಪ್ಪಾ, ಯಾಕ್ ಹಿಂಗೆ ನೋಡ್ತಿದೀಯಾ?”

ಕ್ಲೈಡ್ ಮಗಳನ್ನು ಬರಸೆಳೆದು ಅವಳ ಎದೆಯ ಮೇಲಿನ ಗುಂಡಿಯನ್ನೇ, ತಾನು ಗುರಿಯಿಟ್ಟಿದ್ದ ಆ ಹಿತ್ತಾಳೆಯ ಗುಂಡಿಯನ್ನೇ, ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ. ಹೆಂಗಸಿನ ಹಾಗೆ ಅತ್ತ ಎಂದು ಆಮೇಲೆ ಊರಲ್ಲಿ ಯಾರೋ ಆಡಿಕೊಂಡರು. ಆಡಿಕೊಳ್ಳುವ ಬಾಯಿಗೇನು, ಅವರ ಮಗಳಲ್ಲವಲ್ಲ.

ನೋರೀನ್ ಬಟ್ಟೆ ಹರಿದು ಗಂಡನ ಕೈ ಕಟ್ಟುವ ಹೊತ್ತಿಗೆ ಜನ ಹಗ್ಗ ದಾಟಿ ಬಂದು ಸುತ್ತ ನೆರೆದಿತ್ತು. ಓರಿನ್ ನೀರು ಸೋರುತ್ತಿದ್ದ ಗನ್ನನ್ನು ತಮ್ಮನ ಮುಂದೆ ಹಿಡಿದ.

“ಬೆಣೆ ತೆಗಿ.”

“ಅಣ್ಣಾ, ಮುತ್ತಜ್ಜ ಬಡಿದಿದ್ದು ಅದು...”

“ತೆಗಿ ಕಣೋ. ಬೆಳಿಗ್ಗೆನೇ ತೆಗೀತೀನಿ ಅಂದ್ಯಲ್ಲ.”

ಕ್ಲೈಡ್ ಮೊದಲು ಒದ್ದೆ ಕೇಪನ್ನು ಕಿತ್ತೆಸೆದ. ಚಾಕುವಿನ ಹಿಡಿಯಿಂದ ಒಂದು ಪೆಟ್ಟು ಕೊಟ್ಟ, ಇನ್ನೊಂದು ಕೊಟ್ಟ. ಬೆಣೆ ಕಿರುಗುಟ್ಟಿ ಹೊರಗೆ ಬಂತು. ನಳಿಗೆ ಕಳಚಿ, ಉರುಳೆಯನ್ನು ಅಂಗೈಗೆ ಹಾಕಿಕೊಂಡು, ಗೂಡುಗಳ ಬಾಯನ್ನು ಹೆಬ್ಬೆರಳಿಂದ ಒಂದೊಂದಾಗಿ ಒರೆಸಿದ. ಸೀಸ. ಮತ್ತೆ ಸೀಸ. ಒಂದೊಂದಕ್ಕೂ ಅವನ ಮುಖ ಇನ್ನಷ್ಟು ಕಂದಿತು. ಕೊನೆಯ ಗೂಡಿನಲ್ಲಿ ಕಿರುಬೆರಳು ತಳದವರೆಗೂ ಇಳಿಯಿತು.

“ಇದೊಂದು ಖಾಲಿ,” ಎಂದ.

ಓರಿನ್ ಆ ಗೂಡಿನ ಕಡೆ ನೋಡಿದ.

“ನಾನು ನೋಡಿದ್ದು ಅದೊಂದನ್ನೇ ಕಣೋ,” ಎಂದ.