ಚಿಕ್ಕ ಪಗೋಡ

ಹೂದೋಟದ ನಡುವೆ ನಿಂತಿದ್ದ ಐದಂತಸ್ತಿನ ಮರದ ಗೋಪುರವನ್ನು ಊರೆಲ್ಲ ಪಗೋಡ ಎನ್ನುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅದರೆದುರಿನ ಚಹಾದಂಗಡಿಯ ಸೂರು ತುದಿಯಲ್ಲಿ ಒಂಚೂರು ಮೇಲಕ್ಕೆ ಬಾಗಿದೆ ಎಂದು ಅದೂ ಪಗೋಡ, ಅಲ್ಲಿ ಬಸ್ಸು ನಿಲ್ಲುತ್ತದೆಂದು ಬಸ್ ಸ್ಟಾಪೂ ಪಗೋಡ. ಯಾರಾದರೂ ಮನೆಯ ಮೇಲೊಂದು ಮನೆ ಎತ್ತಿದರೆ, ಏನು, ಪಗೋಡ ಕಟ್ಟಿಸಿದ್ರಾ ಎಂದು ಕಾಲೆಳೆಯುವವರೂ ಇದ್ದರು. ದೇಶ ಸುತ್ತಿ ಬಂದ ಹಳಬರನ್ನು ಕೇಳಿದರೆ ಇನ್ನೂ ಉದ್ದದ ಕಥೆ: ಒಂದು ಕಡೆ ಗುಡಿಗೆ ಹಾಗೆನ್ನುತ್ತಾರಂತೆ, ಮತ್ತೊಂದು ಕಡೆ ಗುಡಿಯೊಳಗಿನ ಮೂರ್ತಿಗೇ ಹಾಗೆನ್ನುತ್ತಿದ್ದರಂತೆ.

ಬಡಗಿಯ ಮನೆಯಲ್ಲಿ ಮಾತ್ರ ಪಗೋಡ ಎಂದರೆ ಎರಡೇ. ದೊಡ್ಡದು ತೋಟದಲ್ಲಿತ್ತು. ಚಿಕ್ಕದು ಅಡುಗೆಮನೆಯ ಕಪಾಟಿನಲ್ಲಿ, ಅಂಗೈಯಗಲದ ಮರದ ಡಬ್ಬಿಯಲ್ಲಿತ್ತು. ಅದೊಂದು ಹಳೆಯ ಚಿನ್ನದ ನಾಣ್ಯ. ಹಿಂದೊಮ್ಮೆ ಅದರ ಮೇಲೆ ಗೋಪುರದ ಅಚ್ಚು ಇತ್ತಂತೆ, ಹಾಗಾಗಿ ಅದಕ್ಕೂ ಅದೇ ಹೆಸರು. ದೊಡ್ಡದು ಹೋದರೂ ಹೋಗಲಿ, ಚಿಕ್ಕದನ್ನ ಮಾತ್ರ ಕಳೀಬೇಡ ಎಂದು ತಾತ ಬಡಗಿಯ ಕಿವಿ ಹಿಂಡಿ ಹೇಳಿದ್ದ.

ಅದಕ್ಕೆ ಕಾರಣವಿತ್ತು. ದೊಡ್ಡದನ್ನು ಕಟ್ಟಿದ್ದು ಆ ತಾತನ ತಾತ. ಮಹಾರಾಯನ ತಲೆ ಎಂಥದ್ದೋ, ಗೋಪುರದ ನಟ್ಟನಡುವಿನ ಕಂಬವನ್ನು ನೆಲಕ್ಕೆ ಊರಲೇ ಇಲ್ಲ. ಐದನೆಯ ಅಂತಸ್ತಿನ ನೆಲವನ್ನು ಹೊರುವ ಎರಡು ತೊಲೆಗಳಿಗೆ ಸರಪಳಿ ಬಿಗಿದು, ಅದರಿಂದ ಕಂಬವನ್ನು ಕೆಳಗಿನವರೆಗೆ ಇಳಿಬಿಟ್ಟ. ಗಾಳಿಗೆ ಗೋಪುರ ಓಲಾಡಿದರೆ ಕಂಬ ತೂಗಿ ಅದನ್ನು ಸಮಾಧಾನ ಮಾಡುತ್ತಿತ್ತು. ಕಂಬದ ಬುಡಕ್ಕೂ ಕೆಳಗಿನ ಚಪ್ಪಡಿ ಕಲ್ಲಿಗೂ ನಡುವೆ ಒಂದು ನಾಣ್ಯದ ದಪ್ಪದಷ್ಟೇ ಸಂದು. ತೊಲೆ ಬಾಗಿದರೆ ಕಂಬ ಇಳಿಯುತ್ತದೆ, ಕಂಬ ಇಳಿದರೆ ಸಂದು ಮುಚ್ಚುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಆ ನಾಣ್ಯವನ್ನು ಕಂಬದ ಕೆಳಗೆ ತೂರಿಸಿ, ಬಿದಿರಿನ ಸೀಳಿನಿಂದ ತಳ್ಳಬೇಕು. ಈ ಕಡೆಯಿಂದ ಹೋಗಿ ಆ ಕಡೆ ಬಂದರೆ ಸರಿ. ತಡೆದರೆ ಗೋಪುರದೊಳಗೆ ಒಂದು ನರಪಿಳ್ಳೆಯೂ ಇರಕೂಡದು.

ಇಂಥ ವಸ್ತುವನ್ನು ಮನೆಯ ಹೆಂಗಸರು ಮೂಲೆಗೆ ಹಾಕಿಯಾರೇ? ಅದರ ಆರೈಕೆ ಅತ್ತೆಯಿಂದ ಸೊಸೆಗೆ ಇಳಿದು ಬಂದಿತ್ತು. ಈಗ ಬಡಗಿಯ ಅಮ್ಮನ ಪಾಲು. ಇಟ್ಟಿಗೆ ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಕೈ ಬಿಡುವಾದಾಗಲೆಲ್ಲ ನಾಣ್ಯವನ್ನು ತಿಕ್ಕಿ ತಿಕ್ಕಿ ಲಕಲಕ ಹೊಳೆಯಿಸುತ್ತಿದ್ದಳು. ಗೋಪುರದ ಅಚ್ಚು ಎಂದೋ ಮಾಯವಾಗಿತ್ತು. ಬಂದವರಿಗೆಲ್ಲ ಅದನ್ನು ಬೆಳಕಿಗೆ ಹಿಡಿದು, ಬೇಕಾದ್ರೆ ಮುಖ ನೋಡ್ಕೊಳ್ಳಿ ಎನ್ನುವುದು ಅವಳ ದೊಡ್ಡ ಹೆಮ್ಮೆಯಾಗಿತ್ತು.

ಆ ವರ್ಷ ತೋಟದ ಮೇಲ್ವಿಚಾರಕನಿಗೆ ಗೋಪುರವನ್ನು ಜನರಿಗೆ ತೆರೆಯುವ ಹುಮ್ಮಸ್ಸು ಬಂತು. ಆಸಾಮಿ ಕೆಟ್ಟವನಲ್ಲ. ಏನು ಹೇಳಿದರೂ ನೋ ಟೆನ್ಶನ್ ಎನ್ನುತ್ತಿದ್ದುದರಿಂದ ಕೆಲಸದವರು ಅವನಿಗೆ ನೋ ಟೆನ್ಶನ್ ಸಾಹೇಬ ಎಂದೇ ಹೆಸರಿಟ್ಟಿದ್ದರು. ಬಣ್ಣ ಬಳಿಸಿದ, ದೀಪ ಹಾಕಿಸಿದ. ನಾಲ್ಕನೆಯ ಅಂತಸ್ತಿನಲ್ಲಿ ತಲೆಯೆತ್ತಿದರೆ ಕಾಣುತ್ತಿದ್ದ ಆ ಎರಡು ಕಪ್ಪು ತೊಲೆಗಳು ಅಂದಗೆಡಿಸುತ್ತವೆಂದು ಬಡಗಿಯನ್ನೂ ಕೇಳದೆ ಹೊಸ ಹಲಗೆ ಹೊಡೆಸಿ ಮುಚ್ಚಿಬಿಟ್ಟ. ತೆರೆಯುವ ದಿನ ಸಂಜೆ ಐದನೆಯ ಅಂತಸ್ತಿನಲ್ಲಿ ಹಾಡು ಇಟ್ಟುಕೊಂಡಿದ್ದ. ಹಾಡುವವರು ಬಡಗಿಯ ಮಗಳು ಮತ್ತು ಅವಳು ತಯಾರು ಮಾಡಿದ ಹೆಂಗಸರ ತಂಡ.

ಆ ಬೆಳಿಗ್ಗೆ ಬಡಗಿ ಗೋಪುರವನ್ನು ಕೆಳಗಿನಿಂದ ಮೇಲಿನವರೆಗೆ ಹತ್ತಿ ಇಳಿದ. ಮೇಲಿನ ಸೂರಿನಲ್ಲಿ ಸದಾ ಗುಟುರು ಹಾಕುತ್ತಿದ್ದ ಪಾರಿವಾಳಗಳು ಒಂದೂ ಇರಲಿಲ್ಲ. ಬಣ್ಣದ ವಾಸನೆಗೆ ಹೋಗಿರಬೇಕು ಎಂದುಕೊಂಡ. ನಾಲ್ಕನೆಯ ಅಂತಸ್ತಿನ ಕಿಟಕಿ ಎಷ್ಟು ಎಳೆದರೂ ಮುಚ್ಚಲಿಲ್ಲ. ಬಣ್ಣ ದಪ್ಪ ಬಳಿದಿದ್ದಾರೆ ಎಂದುಕೊಂಡ. ಹಲಗೆಯ ಸಂದಿನಿಂದ ಅವನ ಭುಜದ ಮೇಲೆ ಒಂದು ಚಿಟಿಕೆ ಮರದ ಹುಡಿ ಉದುರಿತು. ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. ಕೆಳಗೆ ಬಂದು ಸಾಹೇಬನಿಗೆ, ಹಲಗೆ ಬಿಚ್ಚಿ ಒಮ್ಮೆ ನೋಡಬೇಕು ಎಂದ.

ಸಾಹೇಬ ನಕ್ಕು, ನಿಮ್ಮ ನಾಣ್ಯ ಏನು ಹೇಳುತ್ತೆ ಅದನ್ನ ಕೇಳಿ ಎಂದ. ಬಡಗಿ ಬಗ್ಗಿ ನಾಣ್ಯವನ್ನು ಕಂಬದ ಕೆಳಗಿಟ್ಟು ತಳ್ಳಿದ. ಅದು ಬೆಣ್ಣೆಯಲ್ಲಿ ಜಾರಿದ ಹಾಗೆ ಆ ಕಡೆ ಬಂತು. ಇನ್ನೇನು ಹೇಳುವುದು? ತಲೆತಲಾಂತರದಿಂದ ಅದು ಸುಳ್ಳು ಹೇಳಿರಲಿಲ್ಲ. ಸರಿ ಇದೆ ಎಂದು ಎಲ್ಲರೆದುರು ಒಪ್ಪಿಕೊಂಡ.

ಮನೆಗೆ ಬಂದಾಗ ಮಗಳು ಹೊರಡಲು ಅಣಿಯಾಗಿದ್ದಳು. ಅವಳಿಗೆ ಚಿಕ್ಕಂದಿನಿಂದಲೂ ಎತ್ತರವೆಂದರೆ ಜೀವಭಯ. ಅಟ್ಟದ ಏಣಿಯ ಕೆಳಗೆ ನಿಂತು ಅಪ್ಪನ ಮುಖ ನೋಡುವಳು, ಅಪ್ಪ ಒಂದು ಮಾತು ಹೇಳಿದ ಮೇಲೇ ಹತ್ತುವಳು. ಅಷ್ಟು ದೊಡ್ಡವಳಾದರೂ ಆ ದಿನವೂ ಹಾಗೇ ಮುಖ ನೋಡಿದಳು.

"ಹತ್ತಮ್ಮ, ನಾನಿದೀನಲ್ಲ," ಎಂದ ಬಡಗಿ. ಅವಳು ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಊಟ ಮಾಡಿ ಒಂದು ಗಳಿಗೆ ಅಡ್ಡಾದವನಿಗೆ ಕಣ್ಣು ಹತ್ತಲಿಲ್ಲ. ಆ ಹುಡಿ ಭುಜದ ಮೇಲೆ ಇನ್ನೂ ಕೂತಿದೆ ಅನಿಸುತ್ತಿತ್ತು. ಮಧ್ಯಾಹ್ನವೆಲ್ಲ ಹೊರಳಾಡಿ, ಎದ್ದು ಅಡುಗೆಮನೆಗೆ ಬಂದರೆ, ಅಮ್ಮ ನಾಣ್ಯವನ್ನು ಡಬ್ಬಿಗೆ ಇಡುತ್ತಿದ್ದಳು. ಡಬ್ಬಿಯ ತಳದಲ್ಲಿ ನಾಣ್ಯದ ಅಳತೆಗೆ ಸರಿಯಾಗಿ ಕೊರೆದ ಗುಂಡನೆಯ ಕುಳಿಯಿತ್ತು. ಅಮ್ಮ ಅದರೊಳಗೆ ಮೊದಲು ಹತ್ತಿ ತುಂಬಿ, ಅದರ ಮೇಲೆ ನಾಣ್ಯ ಕೂರಿಸಿದಳು. ಹತ್ತಿ ಯಾಕೆ ಎಂದು ಬಡಗಿ ಕೇಳಿದ.

"ಲಟಲಟ ಅನ್ನುತ್ತೆ ಕಣೋ. ನಾನು ಈ ಮನೆಗೆ ಬಂದಾಗ ಡಬ್ಬಿ ಮುಚ್ಚಿದ್ರೆ ಮುಚ್ಚಳ ನಾಣ್ಯಕ್ಕೆ ತಾಗ್ತಿತ್ತು, ಉಗುರು ಹಾಕಿ ಎಬ್ಬಿಸಬೇಕಾಗಿತ್ತು. ಈಗ ಡಬ್ಬಿ ಸಡಿಲ ಆಗಿಬಿಟ್ಟಿದೆ. ಹಳೇ ಮರ ನೋಡು."

ಬಡಗಿ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಮರ ಸುತ್ತಲೂ ಸಡಿಲವಾದೀತು, ಕುಳಿ ಆಳವಾಗುವುದು ಹೇಗೆ? ಹತ್ತಿ ಕಿತ್ತೆಸೆದು ನಾಣ್ಯವನ್ನು ಬರಿ ಕುಳಿಯಲ್ಲಿಟ್ಟು ಮುಚ್ಚಳ ಹಾಕಿ ಅಲ್ಲಾಡಿಸಿದ. ಅದು ಒಳಗೆ ಲಟಲಟ ಕುಣಿಯುವಷ್ಟು ಜಾಗವಿತ್ತು. ಅಮ್ಮನ ಹೆಬ್ಬೆರಳಿಗೆ ಅಂಟಿದ್ದ ಇಟ್ಟಿಗೆ ಪುಡಿಯನ್ನು ನೋಡಿದ. ಅಮ್ಮ, ಅವಳ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರೂ ಅಕ್ಕರೆಯಿಂದ ಆ ಅಳತೆಯನ್ನು ಚೂರುಚೂರೇ ತಿಕ್ಕಿ ಹಾಕಿದ್ದರು. ಅತ್ತ ಕಂಬ ಇಳಿಯುತ್ತಾ ಬಂದಿತ್ತು, ಇತ್ತ ನಾಣ್ಯ ಸವೆಯುತ್ತಾ ಹೋಗಿತ್ತು. ಎರಡೂ ಜೊತೆಜೊತೆಗೇ ನಡೆದಿದ್ದವು. ಹಾಗಾಗಿ ಯಾವತ್ತೂ ತಡೆದಿರಲಿಲ್ಲ.

ಏನಾಯ್ತೋ ಎಂದು ಅಮ್ಮ ಕೇಳುತ್ತಿದ್ದ ಹಾಗೇ ಅವನು ನಾಣ್ಯ, ಬಿದಿರ ಸೀಳು ಎರಡನ್ನೂ ಹಿಡಿದು ಬರಿಗಾಲಲ್ಲಿ ಓಡಿದ.

ತೋಟ ಮುಟ್ಟುವಾಗ ಬಿಸಿಲು ಇಳಿದಿತ್ತು, ಮೇಲೆ ಹಾಡು ಶುರುವಾಗಿತ್ತು. ಹುಲ್ಲಿನ ಮೇಲೆ ಜನ ಕಿಕ್ಕಿರಿದಿದ್ದರು. ಬಡಗಿ ಯಾರನ್ನೂ ಮಾತಾಡಿಸದೆ ಒಳಗೆ ನುಗ್ಗಿ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಬೆಳಿಗ್ಗೆ ಸಲೀಸಾಗಿ ಜಾರಿದ ನಾಣ್ಯ ಈಗ ಅರ್ಧ ಹೋಗಿ ನಿಂತಿತು. ತಳ್ಳಿದರೆ ಬಿದಿರು ಬಾಗಿತು, ಎಳೆದರೆ ಬರಲಿಲ್ಲ. ಸವೆದ ನಾಣ್ಯಕ್ಕೇ ಜಾಗವಿಲ್ಲವೆಂದರೆ ಮೇಲೆ ತೊಲೆ ಎಷ್ಟು ಬಾಗಿರಬೇಕು!

ಕೂಗುವುದಕ್ಕೆ ಬಾಯಿ ತೆರೆದವನು ಹಾಗೇ ಮುಚ್ಚಿದ. ಇದ್ದದ್ದು ಒಂದೇ ಮೆಟ್ಟಿಲಸಾಲು. ಮೇಲಿನ ಅಷ್ಟೂ ಹೆಂಗಸರು ಒಮ್ಮೆಗೇ ಓಡಿದರೆ ಆ ನೆಲ ಆ ಗಳಿಗೆಯೇ ಕೈಕೊಡುತ್ತಿತ್ತು. ಬಾಗಿಲಲ್ಲಿ ತಡೆದ ಸಾಹೇಬನ ಕಿವಿಯಲ್ಲಿ ಎರಡು ಮಾತು ಹೇಳಿದ. ನೋ ಟೆನ್ಶನ್ ಎನ್ನುವುದನ್ನೂ ಮರೆತು ಸಾಹೇಬ ಜನರನ್ನು ದೂರ ಸರಿಸುವುದಕ್ಕೆ ಓಡಿದ.

ಬಡಗಿ ಬೆಕ್ಕಿನ ಹೆಜ್ಜೆಯಿಟ್ಟು ಮೇಲೆ ಹತ್ತಿದ. ಹೆಂಗಸರು ಗೋಡೆಯುದ್ದಕ್ಕೂ ಸಾಲಾಗಿ ನಿಂತು ಹಾಡುತ್ತಿದ್ದರು. ಅವರೆದುರಿಗೆ ಮಗಳು ಇದ್ದಳು. ಅವನು ಅವಳ ಬೆನ್ನ ಹಿಂದೆ ಬಂದು ಪಿಸುಗುಟ್ಟಿದ.

"ಇಳೀಬೇಕು ಮಗಳೇ. ಒಬ್ಬೊಬ್ಬರೇ. ಯಾರೂ ಓಡಬಾರದು."

ಅವಳು ಹಾಡು ನಿಲ್ಲಿಸಲಿಲ್ಲ. ಸಾಲು ಮುಗಿದು ಉಸಿರೆಳೆದುಕೊಳ್ಳುವಾಗ ಅಷ್ಟೇ ಕೇಳಿದಳು: "ಸರಿ ಇದೆ ಅಂದಿದ್ಯಲ್ಲ ಅಪ್ಪ?"

"ತಪ್ಪಾಯ್ತು."

ಅವಳ ಮುಖ ಬಿಳಿಚಿಕೊಂಡಿತು. ಆದರೂ ಕೈಯೆತ್ತಿ, ಅದೂ ಹಾಡಿನದೇ ಭಾಗ ಎಂಬಂತೆ, ಕೊನೆಯಲ್ಲಿ ನಿಂತವಳಿಗೆ ಇಳಿ ಎಂದು ಸನ್ನೆ ಮಾಡಿದಳು. ಆಮೇಲೆ ಅವಳ ಪಕ್ಕದವಳಿಗೆ. ಮಿಕ್ಕವರು ಹಾಡುತ್ತಲೇ ಇದ್ದರು. ಕಾಲಡಿಯ ನೆಲ ಒಮ್ಮೆ ನರಳಿತು. ಬಡಗಿ ಮಗಳ ಪಕ್ಕದಲ್ಲೇ ನಿಂತದ್ದನ್ನು ನೋಡಿ ಅವಳು ಹಾಡಿನ ನಡುವೆಯೇ ಹೇಳಿದಳು: "ನೀನು ಇಳಿ. ನಿನ್ನ ಭಾರ ನನಗಿಂತ ಜಾಸ್ತಿ."

ಮಗಳನ್ನು ಅಲ್ಲಿ ಬಿಟ್ಟು ಇಳಿಯುವುದು ಎಂಥ ಕರ್ಮ! ಆದರೆ ಅವಳು ಹೇಳಿದ್ದು ನಿಜವಾಗಿತ್ತು. ಇಳಿದ. ಕಂಬದ ಬುಡದಲ್ಲಿ ಮತ್ತೆ ಕೂತು, ಹೊರಗುಳಿದಿದ್ದ ನಾಣ್ಯದ ಅಂಚಿನ ಮೇಲೆ ಬೆರಳಿಟ್ಟ. ಹೆಂಗಸರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೊರಗೆ ಹೋದರು. ಮೇಲಿನ ಹಾಡು ತೆಳುವಾಗುತ್ತಾ ಬಂತು. ಏನೂ ತಿಳಿಯದೆ ದೂರದ ಜನ ಎಂಥಾ ಏರ್ಪಾಡು ಎಂದು ಚಪ್ಪಾಳೆ ತಟ್ಟುತ್ತಿದ್ದರು. ಕೊನೆಗೆ ಒಂದೇ ದನಿ ಉಳಿಯಿತು. ಅದು ಮಗಳದು. ಅವಳಿಗಿಂತ ಮುಂಚೆ ಇಳಿದವಳು ಹೊಸ್ತಿಲು ದಾಟಿದಾಗ ಆ ದನಿಯೂ ನಿಂತಿತು.

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ನಾಲ್ಕನೆಯ ಅಂತಸ್ತು, ಮೂರನೆಯದು. ಬೆರಳಿನ ಕೆಳಗೆ ನಾಣ್ಯ ಅದುರಿತು. ಬಡಗಿ ಕೈ ಕಿತ್ತುಕೊಂಡ. ಕಂಬ ಧಡ್ ಎಂದು ಕಲ್ಲಿನ ಮೇಲೆ ಕೂತಿತು, ನಾಣ್ಯ ಕಣ್ಣೆದುರೇ ಅಪ್ಪಚ್ಚಿಯಾಯಿತು. ಮೇಲಿನ ನೆಲ ಕೆಳಗಿನದರ ಮೇಲೆ ಕುಸಿದ ಸದ್ದಿಗೆ ಇಡೀ ಗೋಪುರ ನಡುಗಿತು. ಧೂಳು ಮೆಟ್ಟಿಲಿನಿಂದ ಹೊಳೆಯ ಹಾಗೆ ಇಳಿದು ಬಂತು.

ಆ ಧೂಳಿನೊಳಗಿಂದ ಅವಳು ಬಂದಳು. ತಲೆಯಿಂದ ಕಾಲವರೆಗೆ ಬೂದಿಬಣ್ಣವಾಗಿದ್ದಳು. ಒಂದು ಕೈ ಗೋಡೆಯ ಮೇಲಿತ್ತು. ಬಡಗಿ ಕೈ ಚಾಚಿದ. ಅವಳು ಆ ಕೈಯನ್ನು ಹಿಡಿಯದೆ ಅವನನ್ನು ದಾಟಿ ಹೋಗಿ ಹುಲ್ಲಿನ ಮೇಲೆ ಕುಸಿದು ಕೂತಳು.

ಮನೆಯಲ್ಲಿ ಅಮ್ಮ ಇಟ್ಟಿಗೆ ಪುಡಿಯ ತಟ್ಟೆ ಎದುರಿಟ್ಟುಕೊಂಡು ಕಾದಿದ್ದಳು. ಚಿಕ್ಕದೆಲ್ಲಿ ಎಂದು ಕೇಳಿದಳು. ಬಡಗಿ ಖಾಲಿ ಡಬ್ಬಿಯನ್ನು ಎತ್ತಿ ಕಪಾಟಿನಲ್ಲಿಟ್ಟ. ಮಗಳೇ ಅಜ್ಜಿಯ ಪಕ್ಕ ಕೂತು, ಅದು ಅಲ್ಲೇ ಕಂಬದ ಕೆಳಗಿದೆ ಅಜ್ಜಿ, ಇನ್ನು ತರೋಕಾಗಲ್ಲ ಎಂದಳು. ಹೊಳಪು ಹೋಗುತ್ತಲ್ಲೇ ಎಂದು ಅಮ್ಮ ಪೇಚಾಡಿಕೊಂಡಳು. ಅವಳಿಗೆ ಬೇರೆ ಏನನ್ನೂ ಇಬ್ಬರೂ ಹೇಳಲಿಲ್ಲ.

ಆಮೇಲೆ ಮಗಳು ಮಲಗುವುದಕ್ಕೆ ಎದ್ದಳು. ಅಟ್ಟದ ಏಣಿಯ ಕೆಳಗೆ ನಿಂತಳು. ಬಡಗಿ ತನ್ನ ಕೈಯಾರೆ ಮಾಡಿದ ಏಣಿ ಅದು. ಎಂದಿನ ಹಾಗೆ ಹತ್ತಮ್ಮ ಎನ್ನಲು ಅವನು ತಲೆಯೆತ್ತಿದ. ಅವಳು ಅವನ ಮುಖ ನೋಡಲಿಲ್ಲ. ಎರಡೂ ಕೈಯಿಂದ ಏಣಿಯನ್ನು ಹಿಡಿದು, ಒಂದು ಸಲ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಹತ್ತಿದಳು.